ಗುಡಿಬೀದಿಯ ಗದ್ದಲದಲ್ಲಿ ಮಧ್ಯಾಹ್ನದ ಊಟ

ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಹುಲಿಗಿಯಲ್ಲಿ ಹುಲಿಗೆಮ್ಮನ ಭಕ್ತರ ನೂಕುನುಗ್ಗಲು. ಅಂದು ಕಾಯಿ-ಕರ್ಪೂರ, ಬಳೆ, ಮಂಡಕ್ಕಿ ಮಾರುವ ನಿಮ್ಮ ಊಟ ಗಿರಾಕಿಗಳ ನಡುವೆ ನಾಲ್ಕು ತುತ್ತಿಗೆ ಮುಗಿಯುತ್ತದೆ, ಇಲ್ಲವೇ ಸಂಜೆಗೆ ಜಾರುತ್ತದೆ.

ಅವಸರದಲ್ಲಿ ನುಂಗಿದರೆ ಗಾಳಿಯೂ ಹೊಟ್ಟೆ ಸೇರಿ ತೇಗು, ಹೊಟ್ಟೆಯುಬ್ಬರ ಬರುತ್ತವೆ. ಹೊಟ್ಟೆ ತುಂಬಿದ್ದು ಮಿದುಳಿಗೆ ತಿಳಿಯಲು ಸುಮಾರು 20 ನಿಮಿಷ ಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸುವುದಂತೂ ಅಪಾಯ. ಬೆವರು, ಕೈನಡುಕ, ತಲೆಸುತ್ತು, ತೊದಲು ಮಾತು ರಕ್ತದಲ್ಲಿ ಸಕ್ಕರೆ ಇಳಿದ ಲಕ್ಷಣಗಳು. ಕೂಡಲೇ 3 ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿಯಿರಿ, ಬಳಿಕ ಉಣ್ಣಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಪಕ್ಕದ ಅಂಗಡಿಯವರೊಡನೆ ಸರದಿ ಮಾಡಿಕೊಂಡು 20 ನಿಮಿಷ ಎದ್ದು ಹೋಗಿ. ಹಿಂದಿನ ಓಣಿಯ ಮನೆಕಟ್ಟೆ, ಬೇವಿನ ನೆರಳು ಸಾಕು. ತುಂಗಭದ್ರೆಯ ದಂಡೆಯೂ ತಂಪು. ಆದರೆ ಜಲಾಶಯದಿಂದ ನೀರು ಬಿಟ್ಟಾಗ ಅತ್ತ ಹೋಗಬೇಡಿ. ಸೋಪು ಹಚ್ಚಿ ಶುದ್ಧ ನೀರಲ್ಲಿ ಕೈ ತೊಳೆಯಿರಿ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಲೇಸು. ಬಿಸಿಲಲ್ಲಿ ಅನ್ನ, ಸಾರು ಬೇಗ ಹಳಸುತ್ತವೆ.

ಊಟದ ಹೊತ್ತು ಬದಲಾಗುವುದು ಖಂಡಿತವಿದ್ದರೆ ಔಷಧದ ಹೊತ್ತನ್ನು ನೀವೇ ಬದಲಿಸದೆ ನಿಮ್ಮ ವೈದ್ಯರನ್ನು ಕೇಳಿ.