ಮಿತವಾದ ಬಿಯರ್ ಹಿತವೇ?

ಬೇಸಿಗೆ ಕಾಲಿಟ್ಟಿತೆಂದರೆ ಕಲಬುರಗಿ, ರಾಯಚೂರು, ವಿಜಯಪುರದ ಸೀಮೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ದೇಹದ ನೀರು ಬೆವರಾಗಿ ಹೋಗಿ ಮೂತ್ರವು ಸಾಂದ್ರವಾದಾಗ ಅದರಲ್ಲಿನ ಲವಣಗಳು ಹರಳುಗಟ್ಟಿ ಕಲ್ಲಾಗುತ್ತವೆ. ಆಗ ನಮ್ಮಲ್ಲಿಗೆ ಬರುವ ರೋಗಿಗಳು ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದುಂಟು: “ದಿನಕ್ಕೊಂದು ಬಿಯರ್ ಕುಡಿದರೆ ಕಲ್ಲು ಬಿದ್ದುಹೋಗುತ್ತದಂತೆ, ನಿಜವೇ?” ಕೇಳುವವರಲ್ಲಿ ಅದುವರೆಗೆ ಮದ್ಯವನ್ನು ಮುಟ್ಟದವರೂ ಇರುತ್ತಾರೆ. ಚಟವೆಂದು ಹೊಸ್ತಿಲಾಚೆ ಇಟ್ಟದ್ದು ಔಷಧದ ಹೆಸರಿನಲ್ಲಿ ಮನೆಯೊಳಗೆ ಬರುತ್ತದೆ. ಕಲ್ಲು ಹೋದ ಮೇಲೂ ಅದು ಹೋಗುವುದಿಲ್ಲ. ಆದುದರಿಂದ ಈ ವಿಷಯವನ್ನು ಸ್ಪಷ್ಟವಾಗಿ ವಿವರಿಸುವುದು ಅಗತ್ಯವೆಂದು ಭಾವಿಸಿದ್ದೇವೆ.

ಬಿಯರ್ ಕುಡಿದರೆ ಮೂತ್ರ ಹೆಚ್ಚುವುದು ನಿಜ. ದೇಹದಲ್ಲಿ ನೀರನ್ನು ಹಿಡಿದಿಡುವ ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಮದ್ಯಸಾರವು ತಡೆಯುತ್ತದೆ. ಆದರೆ ಹೀಗೆ ಹರಿದುಹೋಗುವುದು ದೇಹಕ್ಕೆ ಬೇಕಾದ ನೀರೂ ಹೌದು. ಬಿಯರಿನಲ್ಲಿ ಪ್ಯೂರಿನ್ ಎಂಬ ಅಂಶವೂ ಉಂಟು. ಅದು ಯೂರಿಕ್ ಆಮ್ಲವಾಗಿ ಮಾರ್ಪಡುತ್ತದೆ. ಕಲ್ಲುಗಳಲ್ಲಿ ಒಂದು ಬಗೆ ಈ ಆಮ್ಲದಿಂದಲೇ ಆಗುವಂಥದು. ವಾತರಕ್ತವೆಂಬ ಕೀಲುನೋವಿಗೂ ಇದೇ ಮೂಲ. ಅಮೆರಿಕದ ಸುಮಾರು 47,000 ಪುರುಷರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮದ್ಯಗಳ ಪೈಕಿ ಬಿಯರ್ ಕುಡಿಯುವವರಲ್ಲೇ ಈ ರೋಗದ ಅಪಾಯ ಅತಿ ಹೆಚ್ಚೆಂದು ಕಂಡುಬಂದಿತು.

ಹಾಗಾದರೆ ಬಿಯರ್ ಕುಡಿದವರ ಕಲ್ಲು ಬಿದ್ದದ್ದು ಹೇಗೆ? 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ. ಕೆಲಸ ನೀರಿನದು ಮತ್ತು ಕಾಲದ್ದು. ಹೆಸರು ಮಾತ್ರ ಬಿಯರಿಗೆ. ದೊಡ್ಡ ಕಲ್ಲು ನಾಳದಲ್ಲಿ ಸಿಕ್ಕಿಕೊಂಡಿದ್ದರೆ ಮೂತ್ರವನ್ನು ಒತ್ತಾಯದಿಂದ ಹೆಚ್ಚಿಸುವುದು ನೋವನ್ನೇ ಹೆಚ್ಚಿಸುತ್ತದೆ. ನೋವಿನ ಮಾತ್ರೆಯ ಜೊತೆಗೆ ಬಿಯರ್ ಸೇರಿದರೆ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವ ಭಯವೂ ಇದೆ.

ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದೆಂಬುದು ಇನ್ನೊಂದು ನಂಬಿಕೆ. ಮಿತವಾಗಿ ಕುಡಿಯುವವರು ಕುಡಿಯದವರಿಗಿಂತ ಹೆಚ್ಚು ಕಾಲ ಬಾಳುತ್ತಾರೆಂದು ಅಮೆರಿಕದ ರೇಮಂಡ್ ಪರ್ಲ್ 1926ರಲ್ಲೇ ಬರೆದರು. ಮುಂದೆ ಅನೇಕ ಸಮೀಕ್ಷೆಗಳು ಹಾಗೆಯೇ ಹೇಳಿದವು. 1988ರಲ್ಲಿ ಬ್ರಿಟನ್ನಿನ ಜೆರಾಲ್ಡ್ ಶೇಪರ್ ಮತ್ತು ಸಂಗಡಿಗರು ಇದರ ಒಳಮರ್ಮವನ್ನು ತೋರಿಸಿದರು: ‘ಕುಡಿಯದವರ’ ಗುಂಪಿನಲ್ಲಿ, ಹಿಂದೆ ಕುಡಿದು ಕಾಯಿಲೆ ಬಿದ್ದು ಬಿಟ್ಟವರೂ ಸೇರಿದ್ದರು. ರೋಗಿಗಳೊಡನೆ ಹೋಲಿಸಿದರೆ ಯಾರು ತಾನೇ ಆರೋಗ್ಯವಂತರಾಗಿ ಕಾಣುವುದಿಲ್ಲ? ಚೀನಾದಲ್ಲಿ 5 ಲಕ್ಷ ಜನರನ್ನು ಒಳಗೊಂಡು, ವಂಶವಾಹಿಗಳ ಆಧಾರದ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿತವಾದ ಮದ್ಯವು ಪಾರ್ಶ್ವವಾಯುವಿನಿಂದ ಕಾಪಾಡುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಮದ್ಯವು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿ ವರ್ಗೀಕರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿತು.

‘ಮಿತ’ ಎಂಬುದರ ಅಳತೆಯನ್ನೂ ನೋಡೋಣ. 10 ಗ್ರಾಂ ಮದ್ಯಸಾರವನ್ನು ಒಂದು ಮಾನವೆಂದು ಎಣಿಸುವ ರೂಢಿಯಿದೆ. ನಮ್ಮಲ್ಲಿ ಸಿಗುವ 650 ಮಿಲಿಲೀಟರಿನ ಬಾಟಲಿಯಲ್ಲಿ ಶೇ. 5ರ ಬಿಯರ್ ಇದ್ದರೆ ಸುಮಾರು 25 ಗ್ರಾಂ, ಶೇ. 8ರ ಸ್ಟ್ರಾಂಗ್ ಬಿಯರ್ ಇದ್ದರೆ ಸುಮಾರು 41 ಗ್ರಾಂ ಮದ್ಯಸಾರವಿರುತ್ತದೆ. “ಒಂದೇ ಬಾಟಲಿ” ಎನ್ನುವವರು ಎರಡೂವರೆಯಿಂದ ನಾಲ್ಕು ಮಾನದಷ್ಟು ಕುಡಿದಿರುತ್ತಾರೆ.

“ಆಯುರ್ವೇದವೂ ಮದ್ಯವನ್ನು ಹೊಗಳಿದೆಯಲ್ಲವೇ?” ಎಂದು ಬಲ್ಲವರು ಕೇಳುವುದುಂಟು. ಮುಚ್ಚಿಡುವಂಥದೇನೂ ಇಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು, ವಿಧಿ, ಮಾತ್ರೆ, ಕಾಲ, ಹಿತವಾದ ಆಹಾರ, ದೇಹಬಲ ಇವೆಲ್ಲವನ್ನೂ ಅರಿತು ಸೇವಿಸಿದ ಮದ್ಯಕ್ಕೆ ಗುಣವನ್ನು ಹೇಳಿದೆ. ಅದೇ ಅಧ್ಯಾಯವು ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ವಿರುದ್ಧವೆಂದೂ ಹೇಳಿದೆ; ಅಧ್ಯಾಯದ ಹೆಸರೇ ಮದಾತ್ಯಯ ಚಿಕಿತ್ಸೆ, ಅಂದರೆ ಮದ್ಯದಿಂದಾಗುವ ರೋಗದ ಚಿಕಿತ್ಸೆ. ಆಸವ, ಅರಿಷ್ಟಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಇರುವುದು ಹೌದು. ಆದರೆ ವೈದ್ಯರು ಕೊಡುವುದು ಒಮ್ಮೆಗೆ 15ರಿಂದ 30 ಮಿಲಿಲೀಟರ್, ಅದೂ ಸಮಪ್ರಮಾಣದ ನೀರು ಬೆರೆಸಿ, ಗೊತ್ತಾದ ಅವಧಿಗೆ. ಇದನ್ನು ಬಾಟಲಿ ಬಿಯರಿಗೆ ಸಮವೆನ್ನಲಾಗದು.

ಬಿಯರಿನಲ್ಲಿ ಒಳಿತೆನ್ನಬಹುದಾದದ್ದು ಜವೆಗೋಧಿ ಮತ್ತು ನೀರು. ಅವೆರಡೂ ಅಡುಗೆಮನೆಯಲ್ಲಿಯೇ ಇವೆ. ಎರಡು ಚಮಚ ಜವೆಗೋಧಿಯನ್ನು ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ನಿಂಬೆರಸ ಹಿಂಡಿ ದಿನದಲ್ಲಿ ಆಗಾಗ ಕುಡಿಯಬಹುದು. ನಿಂಬೆಯಲ್ಲಿನ ಸಿಟ್ರೇಟ್ ಕಲ್ಲಾಗುವುದನ್ನು ತಡೆಯಲು ನೆರವಾಗುತ್ತದೆ. ಹುರುಳಿಕಟ್ಟು ನಮ್ಮ ಶಾಸ್ತ್ರಸಮ್ಮತವಾದ ಪಥ್ಯ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ವೈಫಲ್ಯವಿರುವವರು ಮಾತ್ರ ವೈದ್ಯರನ್ನು ಕೇಳಿಯೇ ನೀರಿನ ಪ್ರಮಾಣ ನಿರ್ಧರಿಸಬೇಕು. ನೋವಿನೊಡನೆ ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತರೆ ಮನೆಮದ್ದು ಮಾಡುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಔಷಧಕ್ಕೆ ಜಗ್ಗದ ಕಲ್ಲಿಗೆ ಶಸ್ತ್ರಚಿಕಿತ್ಸೆಯನ್ನು ಸುಶ್ರುತಾಚಾರ್ಯರೇ ವಿವರಿಸಿದ್ದಾರೆ.

ಕಡೆಯದಾಗಿ, ಈಗಾಗಲೇ ಪ್ರತಿದಿನ ಹೆಚ್ಚಾಗಿ ಕುಡಿಯುವ ಅಭ್ಯಾಸವಿರುವವರು ಇದನ್ನೋದಿ ಒಮ್ಮೆಲೇ ನಿಲ್ಲಿಸಬಾರದು. ಹಾಗೆ ಮಾಡಿದಾಗ ಕೈನಡುಕ, ಫಿಟ್ಸ್, ಭ್ರಮೆ ಬರುವುದುಂಟು. ವೈದ್ಯರ ನೆರವಿನಿಂದ ಬಿಡಬೇಕು. ಮನೆಯವರು ಅವರನ್ನು ಹೀಯಾಳಿಸದೆ ಜೊತೆಯಲ್ಲಿ ಕರೆತರಲಿ. ಕುಡಿಯುವುದನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಹೇಳಿದರೆ ಚಿಕಿತ್ಸೆಯ ಅರ್ಧ ದಾರಿ ಸವೆದಂತೆಯೇ.