ಮಧ್ಯಾಹ್ನದ ದೂಳು, ನಡುರಾತ್ರಿಯ ಉಬ್ಬಸ

ಜಗಳೂರಿನ ಕಡೆ ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ಯಂತ್ರದ ಸುತ್ತ ಏಳುವ ದೂಳನ್ನು ನೀವು ನೋಡಿರಬಹುದು. ಕೆಲಸಗಾರರ ಹುಬ್ಬು, ರೆಪ್ಪೆಗಳೆಲ್ಲ ಬೆಳ್ಳಗಾಗಿರುತ್ತವೆ. ಆ ಹೊತ್ತಿಗೆ ನಾಲ್ಕು ಸೀನು, ಒಂದಿಷ್ಟು ಕೆಮ್ಮು, ಅಷ್ಟೆ. ಸಂಜೆ ಸ್ನಾನ ಮಾಡಿ, ಉಂಡು ಮಲಗಿದ ಮನುಷ್ಯ ರಾತ್ರಿ ಹತ್ತು ಹನ್ನೊಂದರ ಸುಮಾರಿಗೆ ಎದ್ದು ಕೂರುತ್ತಾನೆ. ಎದೆ ಬಿಗಿದಿದೆ, ಉಸಿರು ಬಿಡುವಾಗ ಸಿಳ್ಳೆ ಹಾಕಿದಂಥ ಸದ್ದು. ಮನೆಯವರು ಆಗ ರಾತ್ರಿ ಊಟಕ್ಕೆ ಏನಿತ್ತೆಂದು ವಿಚಾರಿಸುತ್ತಾರೆ. ಬಾಳೆಹಣ್ಣಿಗೋ ಮಜ್ಜಿಗೆಗೋ ಬೈಗುಳ ಬೀಳುತ್ತದೆ. ಮಧ್ಯಾಹ್ನದ ದೂಳು ಯಾರಿಗೂ ನೆನಪಾಗುವುದಿಲ್ಲ.

ಗೂರಲು, ದಮ್ಮು, ಉಬ್ಬಸ ಎಂದೆಲ್ಲ ನಾವು ಕರೆಯುವ ಅಸ್ತಮಾ ಹೀಗೆ ತಡವಾಗಿ ಬರುವುದೇಕೆ ಎಂಬುದು ಈಗ ಚೆನ್ನಾಗಿ ತಿಳಿದಿದೆ. ಬಹುಕಾಲ ವೈದ್ಯರು ಇದನ್ನು ಶ್ವಾಸನಾಳದ ಸ್ನಾಯುಗಳು ಬಿಗಿದುಕೊಳ್ಳುವ ಕಾಯಿಲೆ ಎಂದಷ್ಟೇ ತಿಳಿದಿದ್ದರು. ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕ ದಂಪತಿ 1966ರಲ್ಲಿ, ಸ್ವೀಡನ್ನಿನ ಸಂಶೋಧಕರು 1967ರಲ್ಲಿ ಬೇರೆಬೇರೆಯಾಗಿ ರಕ್ತದಲ್ಲಿರುವ ಒಂದು ಪ್ರತಿಕಾಯವನ್ನು ಗುರುತಿಸಿದರು. ಅದಕ್ಕೆ ಐಜಿಇ ಎಂದು ಹೆಸರು. ಅಲರ್ಜಿಯ ಸ್ವಭಾವದವರ ದೇಹ ಪರಾಗ, ಧಾನ್ಯದ ಹೊಟ್ಟು, ಬೂಷ್ಟಿನಂಥ ನಿರಪಾಯ ವಸ್ತುವನ್ನೂ ಶತ್ರುವೆಂದು ಭಾವಿಸಿ ಈ ಪ್ರತಿಕಾಯವನ್ನು ತಯಾರಿಸುತ್ತದೆ. ಅದು ಶ್ವಾಸನಾಳದ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿ ಕುಳಿತಿರುತ್ತದೆ. ಅದೇ ದೂಳು ಮತ್ತೆ ಒಳಹೊಕ್ಕಾಗ ಆ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈಯೀನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಕೆಲವೇ ನಿಮಿಷಗಳಲ್ಲಿ ಸ್ನಾಯು ಬಿಗಿಯುತ್ತದೆ. ಇದು ಒಂದೆರಡು ಗಂಟೆಗಳಲ್ಲಿ ತಾನಾಗಿ ಸಡಿಲಾಗುವುದೂ ಉಂಟು.

ಆಟ ಮುಗಿಯಿತೆಂದುಕೊಂಡರೆ ಅಲ್ಲೇ ಮೋಸ. ಆ ರಾಸಾಯನಿಕಗಳ ಕರೆಗೆ ಓಗೊಟ್ಟು ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ದಂಡಾಗಿ ಬಂದು ಸೇರುತ್ತವೆ. ಇದಕ್ಕೆ ನಾಲ್ಕರಿಂದ ಎಂಟು ಗಂಟೆ ಹಿಡಿಯುತ್ತದೆ. ಆಗ ನಾಳದ ಒಳಗೋಡೆ ಊದಿಕೊಳ್ಳುತ್ತದೆ, ಅಂಟು ಕಫ ತುಂಬುತ್ತದೆ. ಮಧ್ಯಾಹ್ನ ಸೇವಿಸಿದ ದೂಳಿಗೆ ರಾತ್ರಿ ದಂಡ ತೆರಬೇಕಾಗುವುದು ಹೀಗೆ. ಕೆಲವರಲ್ಲಿ ದೂಳು ಹೊಕ್ಕ ಗಳಿಗೆಯಲ್ಲಿ ಏನೂ ಆಗದೆ ಈ ಎರಡನೆಯ ಹಂತವೊಂದೇ ಕಾಣಿಸಿಕೊಳ್ಳುತ್ತದೆ. ರಾತ್ರಿಯ ಉಬ್ಬಸಕ್ಕೆಲ್ಲ ಹಗಲಿನ ದೂಳೇ ಕಾರಣವೆನ್ನುವಂತಿಲ್ಲ. ತಣ್ಣನೆಯ ಗಾಳಿ, ದಿಂಬು ಕಂಬಳಿಗಳಲ್ಲಿ ವಾಸಿಸುವ ಕಣ್ಣಿಗೆ ಕಾಣದ ದೂಳುನುಸಿ ಇವೂ ಉಂಟು.

ಕಾರಣ ಒಂದೆಡೆ, ಉಬ್ಬಸ ಇನ್ನೊಂದೆಡೆ ಇದ್ದರೆ ಅದನ್ನು ಪತ್ತೆಮಾಡುವುದು ಎಷ್ಟು ಕಷ್ಟವೆಂಬುದಕ್ಕೆ ಸ್ಪೇನಿನ ಬಾರ್ಸಿಲೋನಾ ನಗರದ ಕಥೆ ಕೇಳಬೇಕು. 1981ರಿಂದ 1987ರವರೆಗೆ ಅಲ್ಲಿ 26 ಬಾರಿ ಒಂದೇ ದಿನ ಹತ್ತಾರು ಜನ ಉಬ್ಬಸದಿಂದ ಆಸ್ಪತ್ರೆಗಳಿಗೆ ಓಡಿಬಂದಂಥ ಪ್ರಸಂಗಗಳು ನಡೆದವು. ರೋಗಿಗಳು ಎಲ್ಲಿದ್ದಾಗ ಉಬ್ಬಸ ಬಂತೆಂದು ನಕ್ಷೆಯ ಮೇಲೆ ಗುರುತು ಹಾಕಿದಾಗ ಚುಕ್ಕೆಗಳು ಬಂದರಿನ ಸುತ್ತ ಕೂಡಿಕೊಂಡವು. ಬಂದರಿನ ದಿನಚರಿ ತೆಗೆದು ನೋಡಿದರೆ, ಆ ದಿನಗಳಲ್ಲೆಲ್ಲ ಹಡಗಿನಿಂದ ಸೋಯಾ ಅವರೆ ಇಳಿದಿತ್ತು! ಕಣಜವೊಂದಕ್ಕೆ ದೂಳು ತಡೆಯುವ ಸೋಸುಚೀಲಗಳೇ ಇರಲಿಲ್ಲ. ಸೋಯಾ ಸಿಪ್ಪೆಯ ದೂಳು ಗಾಳಿಯಲ್ಲಿ ಊರಿಗೆ ಹರಡುತ್ತಿತ್ತು. ರೋಗಿಗಳ ರಕ್ತದಲ್ಲಿ ಸೋಯಾ ವಿರುದ್ಧದ ಐಜಿಇ ಕೂಡ ಸಿಕ್ಕಿತು. ಸೋಸುಚೀಲ ಅಳವಡಿಸಿದ ಮೇಲೆ ಈ ಉಪದ್ರವ ನಿಂತಿತು. ಒಂದು ರವಷ್ಟು ಔಷಧಿಯಿಲ್ಲದೆ!

ನಮ್ಮ ಕಣಗಳಲ್ಲಿ ಸೋಯಾ ಇಲ್ಲದಿರಬಹುದು. ಆದರೆ ಮೆಕ್ಕೆಜೋಳದ, ಹೊನ್ನಾಳಿ-ನ್ಯಾಮತಿ ಕಡೆಯ ಭತ್ತದ ದೂಳಿನಲ್ಲಿ ಹೊಟ್ಟಿನ ಚೂರು, ಬೂಷ್ಟಿನ ಬೀಜಕಣ, ಹುಳುಗಳ ಅವಶೇಷ ಎಲ್ಲ ಇರುತ್ತವೆ. ಚನ್ನಗಿರಿಯ ಅಡಿಕೆ ಬೇಯಿಸುವ ಒಲೆಯ ಮಾತು ಬೇರೆ. ಹೊಗೆ ಸಾಮಾನ್ಯವಾಗಿ ಅಲರ್ಜಿ ಹುಟ್ಟಿಸುವುದಿಲ್ಲ, ಆದರೆ ಮೊದಲೇ ಊದಿಕೊಂಡ ನಾಳವನ್ನು ಕೆರಳಿಸುತ್ತದೆ. ಹಸಿ ಗಾಯಕ್ಕೆ ಉಪ್ಪು ತಾಗಿದಂತೆ. ಅಲರ್ಜಿಯೇ ಇಲ್ಲದೆ ಅಸ್ತಮಾ ಬರುವವರೂ ಇದ್ದಾರೆ.

ಪಟ್ಟಣದಲ್ಲಿದ್ದರೆ ಪಾರಾದೆವು ಎನ್ನುವ ಹಾಗಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ಶೇ 9ರಷ್ಟು ಮಕ್ಕಳಿಗಿದ್ದ ಅಸ್ತಮಾ 1999ರ ವೇಳೆಗೆ ಶೇ 29.5ಕ್ಕೆ ಏರಿತ್ತು. ಇದು ಆಸ್ಪತ್ರೆಯ ಲೆಕ್ಕ, ಇಡೀ ಊರಿನದಲ್ಲ. ಆದರೂ ಏರಿಕೆ ಸಣ್ಣದಲ್ಲ.

ಈಗ ಪಂಪಿನ ವಿಷಯ. ಪಂಪುಗಳಲ್ಲಿ ಎರಡು ಬಗೆಯ ಔಷಧಿಗಳಿವೆ. ಒಂದು ಬಿಗಿದ ಸ್ನಾಯುವನ್ನು ಐದು ಹತ್ತು ನಿಮಿಷಗಳಲ್ಲಿ ಸಡಿಲಿಸುವ ಸಾಲ್ಬ್ಯುಟಮಾಲ್. ಜನ ಇದನ್ನೇ ನೆಚ್ಚುತ್ತಾರೆ, ಏಕೆಂದರೆ ಗುಣ ಕಣ್ಣೆದುರೇ ಕಾಣುತ್ತದೆ. ಒಳಗಿನ ಊತವನ್ನು ಅದು ಮುಟ್ಟುವುದೇ ಇಲ್ಲ. ಊತ ಇಳಿಸುವುದು ಸ್ಟೀರಾಯ್ಡ್ ಇರುವ ಇನ್ನೊಂದು ಔಷಧಿ. ಅದು ನಿಧಾನ, ದಿನ, ವಾರಗಳೇ ಬೇಕು. ಹಾಗಾಗಿ ‘ಕೆಲಸ ಮಾಡಲಿಲ್ಲ’ ಎಂದು ಮೂಲೆ ಸೇರುತ್ತದೆ. ಸಡಿಲಿಸುವ ಔಷಧಿಯೊಂದನ್ನೇ ನಂಬಿರುವುದು ಅಪಾಯವೆಂದು ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಸ್ಟೀರಾಯ್ಡ್ ಎಂದರೆ ಬೆಚ್ಚಬೇಕಿಲ್ಲ. ಪಂಪಿನಲ್ಲಿ ಅದರ ಪ್ರಮಾಣ ಮೈಕ್ರೋಗ್ರಾಂಗಳಲ್ಲಿ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಸಾಕು. ಪಂಪು ಚಟವಾಗುತ್ತದೆ, ಮದುವೆ ಗೊತ್ತಾಗುವವರೆಗೆ ಹುಡುಗಿ ಯಾರಿಗೂ ತೋರಿಸಬಾರದು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಬಚ್ಚಿಟ್ಟ ಪಂಪು ಬೇಕಾದ ಗಳಿಗೆಯಲ್ಲಿ ಕೈಗೆ ಸಿಗುವುದಿಲ್ಲ.

ನಿಮ್ಮ ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಉಬ್ಬಸ ಬಂದ ಹೊತ್ತನ್ನೂ, ಅದಕ್ಕೆ ಮುಂಚಿನ ಹನ್ನೆರಡು ಗಂಟೆ ಅವರು ಎಲ್ಲಿದ್ದರು, ಏನು ಕೆಲಸ ಮಾಡಿದರೆಂಬುದನ್ನೂ ಬರೆದಿಡಿ. ಎರಡು ತಿಂಗಳ ಬರಹ ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಒಕ್ಕಣೆಯ ದಿನ ಅವರಿಗೆ ಯಂತ್ರದಿಂದ ದೂರದ ಕೆಲಸ ಕೊಡಿ. ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಣ್ಣ ಕಣಗಳು ನಿಲ್ಲುವುದಿಲ್ಲ. ಬಿಗಿಯಾಗಿ ಕೂರುವ ಎನ್95 ಮುಖಗವಸು ಮೇಲು. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ನೀಲಿಗಟ್ಟಿದ ತುಟಿ, ಪಂಪಿಗೂ ಜಗ್ಗದ ಉಬ್ಬಸ ಕಂಡರೆ ಬೆಳಗಿನ ಬಸ್ಸಿಗೆ ಕಾಯಬೇಡಿ. ರೋಗಿಯನ್ನು ಮಲಗಿಸದೆ ನೇರ ಕೂರಿಸಿ, 108ಕ್ಕೆ ಫೋನ್ ಮಾಡಿ, ವಾಹನ ಬರುವವರೆಗೂ ಸಡಿಲಿಸುವ ಪಂಪು ಕೊಡುತ್ತಿರಿ.