ತಣ್ಣೀರ ಜಾಡು ಹಿಡಿದ ಮೀನು

ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ, ಉಮ್‌ಜಿಮ್‌ವುಬು ನದಿ ಕಡಲು ಸೇರುವ ಅಳಿವೆಯ ಬಳಿ, ಪೋರ್ಟ್ ಸೇಂಟ್ ಜಾನ್ಸ್ ಎಂಬ ಸಣ್ಣ ಊರಿದೆ. ಜೂನ್ ಬಂತೆಂದರೆ ಅಲ್ಲಿಗೆ ದೂರದ ದೇಶಗಳ ಪ್ರವಾಸಿಗರು ಬಂದಿಳಿಯುತ್ತಾರೆ. ದಪ್ಪನೆಯ ವೆಟ್‌ಸೂಟ್, ಮುಖಕ್ಕೆ ಮಾಸ್ಕ್, ಉಸಿರಾಡಲು ಸ್ನಾರ್ಕೆಲ್ ನಳಿಗೆ, ಕಾಲಿಗೆ ರಬ್ಬರ್ ಫಿನ್ ಎಲ್ಲವನ್ನೂ ಹೊತ್ತುಕೊಂಡು ಬೆಳ್ಳಂಬೆಳಗ್ಗೆ ದಡದಲ್ಲಿ ಹಾಜರಾಗುತ್ತಾರೆ. ಇಷ್ಟೆಲ್ಲ ಸಂಭ್ರಮ ಗೇಣುದ್ದದ ಒಂದು ಮೀನಿನ ನೆಪದಲ್ಲಿ. ಮಂಗಳೂರಿನ ಮನೆಗಳಲ್ಲಿ ಪುಳಿಮುಂಚಿಯಾಗುವ ಬೂತಾಯಿಗೆ ದೂರದ ನೆಂಟನಾಗಬೇಕು ಅದು. ಇಂಗ್ಲಿಷಿನಲ್ಲಿ ಎರಡಕ್ಕೂ ಸಾರ್ಡೀನ್ ಎಂದೇ ಕರೆದರೂ ಕುಲ ಬೇರೆ: ನಮ್ಮದು ಸಾರ್ಡಿನೆಲ್ಲಾ ಲಾಂಗಿಸೆಪ್ಸ್, ಅಲ್ಲಿನದು ಸಾರ್ಡಿನಾಪ್ಸ್ ಸಗಾಕ್ಸ್.

ದಕ್ಷಿಣ ಗೋಳಾರ್ಧದಲ್ಲಿ ಜೂನ್ ತಿಂಗಳಿಂದ ಆಗಸ್ಟ್‌ವರೆಗೆ ಚಳಿಗಾಲ. ಆಗ ಆಫ್ರಿಕಾದ ದಕ್ಷಿಣ ತುದಿಯ ತಣ್ಣೀರಿನಲ್ಲಿ ಬದುಕುವ ಈ ಸಾರ್ಡೀನ್‌ಗಳಲ್ಲಿ ಒಂದು ಪಾಲು ಪೂರ್ವ ಕರಾವಳಿಗುಂಟ ಉತ್ತರಕ್ಕೆ, ಡರ್ಬನ್ನಿನ ದಿಕ್ಕಿಗೆ ಹೊರಡುತ್ತದೆ. ಒಂದೊಂದು ಹಿಂಡು ಕಿಲೋಮೀಟರುಗಟ್ಟಲೆ ಉದ್ದವಾಗಿ, ವಿಮಾನದಿಂದ ನೋಡಿದರೆ ನೀರಿನ ಮೇಲೆ ಕಪ್ಪು ಕಲೆಯಂತೆ ಕಾಣುತ್ತದೆ. ಪ್ರವಾಸಿ ಜಾಹೀರಾತುಗಳು ಇದನ್ನು ಭೂಮಿಯ ಮೇಲಿನ ಅತಿ ದೊಡ್ಡ ಮೀನಿನ ಹಿಂಡು ಎಂದು ಮಾರುತ್ತವೆ. ಕೋಟಿಗಟ್ಟಲೆ ಮೀನು ಎಂಬುದೇನೋ ನಿಜ. ಆದರೆ ಇಡೀ ದೇಶದ ಸಾರ್ಡೀನ್ ಸಂಖ್ಯೆಯಲ್ಲಿ ಇದು ಸಣ್ಣ ಅಂಶ ಮಾತ್ರ. ಬಹುಪಾಲು ಮೀನು ದಕ್ಷಿಣದ ತಣ್ಣೀರು ಬಿಟ್ಟು ಕದಲುವುದೇ ಇಲ್ಲ. ಹೊರಟವೇಕೆ ಹೊರಟವು ಎಂಬ ಪ್ರಶ್ನೆ ಹುಟ್ಟುವುದು ಇಲ್ಲೇ.

ಪ್ರವಾಸಿಗರನ್ನು ಒಯ್ಯುವುದು ಗಾಳಿ ತುಂಬಿದ ರಬ್ಬರ್ ಅಂಚಿನ, ಜೋಡಿ ಎಂಜಿನ್ನಿನ ದೋಣಿ. ಅಳಿವೆ ದಾಟುವಾಗ ಎಲ್ಲರೂ ಲೈಫ್ ಜಾಕೆಟ್ ಬಿಗಿದು, ನೆಲದ ಪಟ್ಟಿಯೊಳಗೆ ಪಾದ ತೂರಿಸಿ ಗಟ್ಟಿಯಾಗಿ ಕೂರಬೇಕು. ನಡೆಸುವವನು ಅಲೆಗಳ ನಡುವೆ ಬಿಡುವು ಕಾದು, ಒಂದೇ ಉಸಿರಿಗೆ ಎಂಜಿನ್ ಎಳೆದು ನೊರೆ ಒಡೆಯುವ ಗೆರೆಯಾಚೆ ದೋಣಿ ಹಾರಿಸುತ್ತಾನೆ. ಹೊರಗೆ ಹೋದ ಮೇಲೆ ಅರ್ಧ ದಿನವೆಲ್ಲ ದಿಗಂತ ನೋಡುವುದೇ ಕೆಲಸ. ಕೆಲವು ತಂಡಗಳು ಮೇಲೆ ಹಗುರ ವಿಮಾನ ಹಾರಿಸಿ, ರೇಡಿಯೊದಲ್ಲಿ ದಿಕ್ಕು ಕೇಳಿಕೊಳ್ಳುತ್ತವೆ. ವಿಮಾನ ಇಲ್ಲದವರಿಗೆ ಹಕ್ಕಿಯೇ ಗತಿ.

ಕೆಲವು ದಿನ ಏನೂ ಸಿಗುವುದಿಲ್ಲ. ಕೆಲವು ವರ್ಷ ಮೀನೇ ಬರುವುದಿಲ್ಲ. 2003ರಲ್ಲೂ 2006ರಲ್ಲೂ ಹಾಗಾಯಿತು. ದುಬಾರಿ ಪ್ಯಾಕೇಜಿನ ಬಣ್ಣದ ಪುಟಗಳಲ್ಲಿ ಈ ಮಾತಿಗೆ ಸಿಗುವ ಜಾಗ ಕಡಿಮೆ.

ದಿಕ್ಕು ತೋರುವ ಆ ಹಕ್ಕಿ ಎಂದರೆ ಕೇಪ್ ಗ್ಯಾನೆಟ್. ಬಿಳಿ ಮೈ, ಹಳದಿ ತಲೆ, ಕಪ್ಪು ರೆಕ್ಕೆಯಂಚು. ಮೂವತ್ತು ಮೀಟರ್ ಎತ್ತರದಿಂದ ರೆಕ್ಕೆ ಹಿಂದಕ್ಕೆ ಮಡಚಿ ಬಿದ್ದರೆ ನೀರು ಮುಟ್ಟುವಾಗ ಅದರ ವೇಗ ಗಂಟೆಗೆ 80 ಕಿ.ಮೀ. ದಾಟಿರುತ್ತದೆ. ಆ ಹೊಡೆತ ತಾಳಲು ಅದರ ಮುಖ ಮತ್ತು ಎದೆಯ ಚರ್ಮದಡಿ ಗಾಳಿಚೀಲಗಳಿವೆ. ಹೊರಗೆ ತೆರೆದ ಮೂಗಿನ ಹೊಳ್ಳೆಯೇ ಇಲ್ಲ, ಹಾಗಾಗಿ ನೀರು ನುಗ್ಗುವ ಭಯವೂ ಇಲ್ಲ. ಬಿದ್ದ ರಭಸ ಮುಗಿದ ಮೇಲೂ ಅದು ನೀರೊಳಗೆ ರೆಕ್ಕೆ ಬೀಸಿ ಮೀನನ್ನು ಅಟ್ಟಿಸಿಕೊಂಡು ಹೋಗಬಲ್ಲದು. ನೂರಾರು ಗ್ಯಾನೆಟ್‌ಗಳು ಒಂದೇ ಜಾಗಕ್ಕೆ ಬೀಳತೊಡಗಿದರೆ ಕೆಳಗೆ ಊಟ ಶುರುವಾಗಿದೆ ಎಂದರ್ಥ. ಗೈಡ್ ಕೂಗುತ್ತಾನೆ, ಮಾಸ್ಕ್ ಏರುತ್ತದೆ, ಜನ ದೋಣಿಯಂಚಿನಿಂದ ಹಿಂದಕ್ಕೆ ಉರುಳುತ್ತಾರೆ.

ಊಟಕ್ಕೆ ಎಲೆ ಹಾಕುವವರು ಸಾಮಾನ್ಯವಾಗಿ ಡಾಲ್ಫಿನ್‌ಗಳು. ಕಾಮನ್ ಡಾಲ್ಫಿನ್ ಜಾತಿಯ ದೊಡ್ಡ ಗುಂಪುಗಳು ದೊಡ್ಡ ಹಿಂಡಿನಿಂದ ಒಂದು ತುಣುಕನ್ನು ಕಿತ್ತು, ಕೆಳಗಿನಿಂದ ಗುಳ್ಳೆ ಬಿಡುತ್ತ, ಸುತ್ತುವರಿದು ಮೇಲಕ್ಕೆ ಒತ್ತುತ್ತವೆ. ನೀರಿನ ಮೇಲ್ಮೈ ಎಂಬುದು ಮೀನಿಗೆ ದಾಟಲಾಗದ ಗೋಡೆ. ಓಡಲು ದಾರಿ ಕಾಣದ ಸಾರ್ಡೀನ್‌ಗಳು ಒತ್ತೊತ್ತಾಗಿ ಸೇರಿ ಹತ್ತಿಪ್ಪತ್ತು ಮೀಟರ್ ಅಡ್ಡಳತೆಯ ಉಂಡೆಯಾಗುತ್ತವೆ. ಮುಳುಗುಗಾರರ ಮಾತಿನಲ್ಲಿ ಇದು ಬೇಟ್ ಬಾಲ್. ಸುತ್ತ ಕಾಪರ್ ಶಾರ್ಕ್, ಡಸ್ಕಿ ಶಾರ್ಕ್‌ಗಳು ಬಂದು ಸೇರುತ್ತವೆ. ಕೊನೆಗೆ ಬ್ರೈಡ್ಸ್ ತಿಮಿಂಗಿಲ ಬಾಯಿ ತೆರೆದು ಬಂದರೆ ಉಂಡೆಯ ದೊಡ್ಡ ಭಾಗವೇ ಮಾಯ. ಹತ್ತಿಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದು, ನೀರಿನಲ್ಲಿ ಹುರುಪೆಗಳಷ್ಟೇ ಮಿನುಗುತ್ತ ಇಳಿಯುತ್ತಿರುತ್ತವೆ. ಸಿಲಿಂಡರ್ ಕಟ್ಟಿ ಮುಳುಗುವವರಿಗಿಂತ ಸ್ನಾರ್ಕೆಲ್ ಹಿಡಿದವರಿಗೆ ಇಲ್ಲಿ ಅನುಕೂಲ ಹೆಚ್ಚು. ಥಟ್ಟನೆ ಇಳಿಯಬಹುದು, ಬೇಟೆ ಮುಂದೆ ಸರಿದರೆ ಥಟ್ಟನೆ ಹತ್ತಬಹುದು.

ಉಂಡೆಯಾಗುವುದು ಗಾಬರಿಯಂತೆ ಕಂಡರೂ ಅದರ ಹಿಂದೆ ಲೆಕ್ಕಾಚಾರವಿದೆ. ಬ್ರಿಟಿಷ್ ಜೀವವಿಜ್ಞಾನಿ ಡಬ್ಲ್ಯು.ಡಿ. ಹ್ಯಾಮಿಲ್ಟನ್ 1971ರಲ್ಲಿ ಇದನ್ನು ಸ್ವಾರ್ಥದ ಹಿಂಡು ಎಂದು ವಿವರಿಸಿದರು. ಪ್ರತಿ ಮೀನಿಗೂ ತನಗೂ ಶತ್ರುವಿಗೂ ನಡುವೆ ಇನ್ನೊಂದು ಮೀನಿರಬೇಕು, ಅಷ್ಟೇ. ಎಲ್ಲರೂ ಒಳಗೆ ನುಗ್ಗಲು ನೋಡಿದರೆ ಉಂಡೆ ತಾನಾಗಿ ಗಟ್ಟಿಯಾಗುತ್ತದೆ. ಅಷ್ಟು ಇಕ್ಕಟ್ಟಿನಲ್ಲೂ ಮೀನಿಗೆ ಮೀನು ಡಿಕ್ಕಿ ಹೊಡೆಯದಿರುವುದಕ್ಕೆ ಕಣ್ಣಿನ ಜೊತೆ ಇನ್ನೊಂದು ಇಂದ್ರಿಯವೂ ಕಾರಣ. ಬಹುತೇಕ ಮೀನುಗಳ ಪಕ್ಕೆಯಲ್ಲಿ ನೀರಿನ ಅಲುಗಾಟ ಗ್ರಹಿಸುವ ಒಂದು ಗೆರೆ ಇರುತ್ತದೆ. ಸಾರ್ಡೀನ್ ವಂಶದಲ್ಲಿ ಮೈಮೇಲೆ ಆ ಗೆರೆಯಿಲ್ಲ. ಬದಲಿಗೆ ತಲೆಯ ಚರ್ಮದಡಿ ಕವಲೊಡೆದ ಸೂಕ್ಷ್ಮ ನಾಳಗಳಿದ್ದು, ಪಕ್ಕದವನು ಬಾಲ ತಿರುಗಿಸಿದ್ದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಆ ಬೆಳ್ಳಿ ಹೊಳಪು. ಸಾರ್ಡೀನ್ ಚರ್ಮದಲ್ಲಿ ಗ್ವಾನಿನ್ ಎಂಬ ವಸ್ತುವಿನ ಹರಳುಗಳು ಪದರ ಪದರವಾಗಿ ಕೂತಿರುತ್ತವೆ. ಮಾಮೂಲಿ ಹೊಳೆಯುವ ಮೇಲ್ಮೈಗಳಿಗೆ ಒಂದು ಕೊರತೆ ಇದೆ: ಕೆಲವು ಕೋನಗಳಲ್ಲಿ ಬಿದ್ದ ಬೆಳಕು ಧ್ರುವೀಕರಣಗೊಂಡು, ಹಿಂತಿರುಗುವ ಪ್ರಮಾಣ ಕುಗ್ಗುತ್ತದೆ. ಹಾಗಾದರೆ ಆ ಕೋನದಿಂದ ನೋಡುವ ಬೇಟೆಗಾರನಿಗೆ ಮೀನು ಮಬ್ಬಾಗಿ, ನೀರಿನಿಂದ ಬೇರೆಯಾಗಿ ಕಂಡುಬಿಡಬೇಕು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಯುರೋಪಿನ ಸಾರ್ಡೀನ್ ಮತ್ತು ಹೆರಿಂಗ್ ಮೀನುಗಳ ಚರ್ಮ ಪರೀಕ್ಷಿಸಿ 2012ರಲ್ಲಿ ಇದರ ಗುಟ್ಟು ಬಿಡಿಸಿದರು. ಬೆಳಕನ್ನು ಬೇರೆ ಬೇರೆ ರೀತಿ ಬಾಗಿಸುವ ಎರಡು ಬಗೆಯ ಗ್ವಾನಿನ್ ಹರಳುಗಳು ಅಲ್ಲಿ ಬೆರೆತಿವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಯಾವ ಕೋನದಿಂದ ನೋಡಿದರೂ ಹೊಳಪು ಕಡಿಮೆಯಾಗದು. ಸುತ್ತಲಿನ ನೀಲಿಯನ್ನೇ ತಿರುಗಿಸಿ ತೋರಿಸುವ ಕನ್ನಡಿಯನ್ನು ಹುಡುಕುವುದು ಯಾರಿಗೂ ಕಷ್ಟವೇ.

ನೀರಿಗಿಳಿದವರು ಪಾಲಿಸಬೇಕಾದ ಮೊದಲ ಪಾಠ ಉಂಡೆಯಿಂದ ದೂರ ಇರುವುದು. ಹೆದರಿದ ಮೀನು ಯಾವುದಾದರೂ ಮರೆ ಹುಡುಕುತ್ತದೆ. ಮನುಷ್ಯನ ಮೈಯಾದರೂ ಸರಿ. ಸಾರ್ಡೀನ್‌ಗಳು ಒಮ್ಮೆ ಸುತ್ತಿಕೊಂಡರೆ, ಅವುಗಳ ನಡುವೆ ಇರುವವರನ್ನು ಶಾರ್ಕ್ ವಿಂಗಡಿಸಿ ಬಿಡಬೇಕೆಂದೇನೂ ಇಲ್ಲ. ಹೊಳೆಯುವ ಒಡವೆ, ಬಿಳಿ ಕೈಗವಸು ಬೇಡವೆನ್ನುವುದೂ ಇದೇ ಕಾರಣಕ್ಕೆ. 2019ರ ಫೆಬ್ರುವರಿಯಲ್ಲಿ, ಇನ್ನೂ ದಕ್ಷಿಣಕ್ಕಿರುವ, ಆಗ ಪೋರ್ಟ್ ಎಲಿಜಬೆತ್ ಎನ್ನುತ್ತಿದ್ದ ನಗರದ ಬಳಿ, ಅನುಭವಿ ಮುಳುಗುಗಾರ ರೈನರ್ ಶಿಂಪ್ಫ್ ಇಂಥದೇ ಉಂಡೆಯೊಂದನ್ನು ಚಿತ್ರೀಕರಿಸುತ್ತಿದ್ದರು. ಇದ್ದಕ್ಕಿದ್ದಂತೆ ಸುತ್ತ ಕತ್ತಲಾಯಿತು, ಸೊಂಟ ಬಿಗಿಯಿತು. ಮೀನಿಗೆಂದು ಬಾಯಿ ತೆರೆದ ಬ್ರೈಡ್ಸ್ ತಿಮಿಂಗಿಲ ಅವರನ್ನೂ ತಲೆಕೆಳಗಾಗಿ ಕಚ್ಚಿಕೊಂಡಿತ್ತು. ತಿಮಿಂಗಿಲ ಆಳಕ್ಕಿಳಿದೀತೆಂದು ಅವರು ಉಸಿರು ಹಿಡಿದರು. ಒಂದೆರಡು ಸೆಕೆಂಡಿನಲ್ಲೇ ಅದು ಉಗುಳಿತು. ಅವರಿಗೆ ಗಾಯವೂ ಆಗಲಿಲ್ಲ. ದೋಣಿಯಲ್ಲಿದ್ದವರ ಕ್ಯಾಮೆರಾದಲ್ಲಿ ತಿಮಿಂಗಿಲದ ಬಾಯಿಂದ ಹೊರಚಾಚಿದ ಎರಡು ಕಾಲುಗಳು ಸೆರೆಯಾಗಿ ಜಗತ್ತೆಲ್ಲ ಸುತ್ತಿದವು. ಅಷ್ಟು ಬೃಹತ್ ಪ್ರಾಣಿಯಾದರೂ ಗಂಟಲು ಕಿರಿದು. ಇಡೀ ಮನುಷ್ಯನನ್ನು ನುಂಗುವುದು ಅದರ ಕೈಲಾಗದ ಕೆಲಸ.

ಈಗ ಮೀನು ಹೊರಡುವ ಕಾರಣಕ್ಕೆ ಬರೋಣ. ಈ ಕರಾವಳಿಗುಂಟ ಅಗುಲ್ಹಾಸ್ ಎಂಬ ಬೆಚ್ಚನೆಯ ಪ್ರವಾಹ ಈಶಾನ್ಯದಿಂದ ನೈಋತ್ಯಕ್ಕೆ ಹರಿಯುತ್ತದೆ. ಅದರ ವೇಗ ಕೆಲವೆಡೆ ಸೆಕೆಂಡಿಗೆ ಎರಡು ಮೀಟರ್. ಇದನ್ನು ಎದುರಿಸಿ ಈಜುವುದು ಗೇಣುದ್ದದ ಮೀನಿಗೆ ಆಗದ ಮಾತು. ಸಾಲದ್ದಕ್ಕೆ ಆ ಬಿಸಿಯೂ ಅದಕ್ಕೆ ಒಗ್ಗದು. 20–21 ಡಿಗ್ರಿ ಸೆಲ್ಸಿಯಸ್ ದಾಟಿದ ನೀರನ್ನು ಅದು ಆದಷ್ಟೂ ದೂರವಿಡುತ್ತದೆ. ಆದರೆ ಚಳಿಗಾಲದಲ್ಲಿ ಪ್ರವಾಹಕ್ಕೂ ದಡಕ್ಕೂ ನಡುವೆ, ತಳದಿಂದ ಮೇಲೆದ್ದ ತಣ್ಣೀರಿನ ಕಿರಿದಾದ ಪಟ್ಟಿಯೊಂದು ಆಗಾಗ ಮೂಡುತ್ತದೆ. ಸಾರ್ಡೀನ್ ಹೊಗುವುದು ಈ ಪಟ್ಟಿಯೊಳಗೆ. ಪೋರ್ಟ್ ಸೇಂಟ್ ಜಾನ್ಸ್‌ನ ಉತ್ತರಕ್ಕೆ ವಾಟರ್‌ಫಾಲ್ ಬ್ಲಫ್ ಎಂಬಲ್ಲಿ ಕಡಲತಳದ ಆಳವಿಲ್ಲದ ಚಾಚು ತೀರ ಸಣ್ಣದಾಗಿ, ಬಿಸಿ ಪ್ರವಾಹ ದಡಕ್ಕೆ ಒತ್ತಿಕೊಂಡೇ ಸಾಗುತ್ತದೆ. ತಣ್ಣೀರಿಗೂ ಮೀನಿಗೂ ಅಲ್ಲಿ ಜಾಗ ಸಾಲದೆ, ಜಾತ್ರೆಯ ಜನ ಓಣಿಗೆ ನುಗ್ಗಿದ ಹಾಗೆ ಹಿಂಡೆಲ್ಲ ದಡದ ಬುಡಕ್ಕೆ ಬಂದು ಬೀಳುತ್ತದೆ. ಡಾಲ್ಫಿನ್‌ಗೂ ದೋಣಿಗೂ ಇದೇ ಊರು ಅನುಕೂಲವಾದದ್ದು ಇದರಿಂದಲೇ.

ದಾರಿ ಹೀಗೆ ತಿಳಿಯಿತು. ಉದ್ದೇಶ? ಮೊಟ್ಟೆಯಿಡಲು ಬೆಚ್ಚನೆಯ ನೀರು ಹುಡುಕಿ ಹೋಗುವ, ಹಿಂದೂ ಮಹಾಸಾಗರದ ಕಡೆಯದೇ ಪ್ರತ್ಯೇಕ ಸಾರ್ಡೀನ್ ಬಳಗವೊಂದಿದೆ ಎಂಬ ಊಹೆ ಬಹುಕಾಲ ಚಾಲ್ತಿಯಲ್ಲಿತ್ತು. ಜೋಹಾನ್ಸ್‌ಬರ್ಗ್ ವಿಶ್ವವಿದ್ಯಾಲಯದ ಪೀಟರ್ ಟೆಸ್ಕೆ, ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಲೂಸಿಯಾನೊ ಬೆಹೆರೆಗರೆ ಮತ್ತು ಸಂಗಡಿಗರು ಕರಾವಳಿಯುದ್ದಕ್ಕೂ ನೂರಾರು ಮೀನುಗಳ ಜೀನೋಮ್ ಹೋಲಿಸಿ 2021ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದಾಗ ಆ ಊಹೆ ತಲೆಕೆಳಗಾಯಿತು. ದಕ್ಷಿಣ ಆಫ್ರಿಕಾದಲ್ಲಿ ಎರಡು ಬಳಗಗಳಿರುವುದು ಹೌದು: ಪಶ್ಚಿಮದ ಅಟ್ಲಾಂಟಿಕ್ ತಣ್ಣೀರಿಗೆ ಹೊಂದಿಕೊಂಡದ್ದು ಒಂದು, ದಕ್ಷಿಣ ಕರಾವಳಿಯ ತುಸು ಬೆಚ್ಚನೆಯ ನೀರಿಗೆ ಹೊಂದಿಕೊಂಡದ್ದು ಇನ್ನೊಂದು. ಉತ್ತರದ ಬಿಸಿ ಕಡಲಿಗೆ ಹೊರಡುವ ಹಿಂಡಿನಲ್ಲಿ ಹೆಚ್ಚಿನವು ತಣ್ಣೀರಿನ ಬಳಗದವು!

ವಿಜ್ಞಾನಿಗಳ ವಿವರಣೆ ಹೀಗಿದೆ. ಆಗ್ನೇಯ ಕರಾವಳಿಯಲ್ಲಿ ತಳದ ತಣ್ಣೀರು ಮೇಲೆದ್ದಾಗ ಅದು ಈ ಮೀನುಗಳನ್ನು ಸೆಳೆಯುತ್ತದೆ. ಆ ಸೆಲೆ ಬತ್ತಿದಾಗ ಮುಂದೆ ಬಿಸಿ ಕಡಲು, ಪಕ್ಕದಲ್ಲಿ ಬಿಸಿ ಪ್ರವಾಹ, ಹಿಂದೆ ಹಸಿದ ಬೇಟೆಗಾರರು. ಪ್ರಬಂಧದ ಶೀರ್ಷಿಕೆಯಲ್ಲೇ ಅವರು ಇದನ್ನು ಪರಿಸರದ ಬಲೆ ಎಂದು ಕರೆದಿದ್ದಾರೆ. ಸೆರೆಂಗೆಟಿಯ ವಿಲ್ಡ‌ಬೀಸ್ಟ್‌ಗಳು ಹುಲ್ಲು ಅರಸಿ ಹೊರಡುವುದರಲ್ಲಿ ಹಿಂಡಿಗೆ ಲಾಭವಿದೆ. ಇಲ್ಲಿ ಲಾಭವೆಲ್ಲ ತಿನ್ನುವವರದು. ಹಾಗಾದರೆ ಇಂಥ ನಡವಳಿಕೆ ಉಳಿದುಬಂದದ್ದು ಹೇಗೆ? ಹಿಮಯುಗದಲ್ಲಿ ಈಗಿನ ಈ ಬಿಸಿ ಕಡಲು ತಂಪಾಗಿದ್ದು, ಸಾರ್ಡೀನ್ ಮರಿಗಳು ಬೆಳೆಯುವ ಒಳ್ಳೆಯ ಜಾಗವಾಗಿದ್ದಿರಬೇಕು, ಈ ಓಟ ಆ ಕಾಲದ ಉಳಿಕೆ ಎಂಬುದು ಅವರು ಮುಂದಿಟ್ಟ ಸಾಧ್ಯತೆ. ಓಟಕ್ಕೆ ಹೊರಡುವವು ಒಟ್ಟು ಸಂಖ್ಯೆಯಲ್ಲಿ ಕೆಲವೇ ಆದ್ದರಿಂದ ಅವು ಸತ್ತರೂ ವಂಶಕ್ಕೆ ದೊಡ್ಡ ಪೆಟ್ಟು ಬೀಳುವುದಿಲ್ಲ, ಅಭ್ಯಾಸವೂ ಅಳಿಯುವುದಿಲ್ಲ.

ಉಳಿದ ಮೀನು ಡರ್ಬನ್ನಿನ ದಕ್ಷಿಣದ ಬೀಚುಗಳನ್ನು ಮುಟ್ಟಿದಾಗ ಸ್ನಾರ್ಕೆಲ್‌ನವರಿಗಿಂತ ದೊಡ್ಡ ಗದ್ದಲ ದಡದಲ್ಲಿ ಏಳುತ್ತದೆ. ನಮ್ಮ ಕೈರಂಪಣಿಯ ಮಾದರಿಯಲ್ಲೇ ದೋಣಿಯಿಂದ ಬಲೆ ಸುತ್ತು ಹಾಕಿ, ದಡದಿಂದ ಹಗ್ಗ ಹಿಡಿದು ಎಳೆಯುತ್ತಾರೆ. 1860ರಿಂದ ನಟಾಲಿನ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಭಾರತೀಯರ ಮಕ್ಕಳು ಮೊಮ್ಮಕ್ಕಳಿಗೆ ಈ ಬಲೆಗಾರಿಕೆ ತಲೆಮಾರುಗಳ ಕಸುಬು. ಬಲೆ ದಡಕ್ಕೆ ಬರುವ ಮೊದಲೇ ಊರಿನವರು ಬಕೆಟ್ಟು, ಚೀಲ, ಅಂಗಿಯ ಮಡಿಲು ಹಿಡಿದು ನೀರಿಗೆ ನುಗ್ಗುತ್ತಾರೆ. ಮೊದಲ ಬಲೆಯ ಕ್ರೇಟಿಗೆ ಸಿಗುವ ಬೆಲೆ ಆಮೇಲಿನವಕ್ಕಿಲ್ಲ. ಕ್ವಾಜುಲು-ನಟಾಲ್ ಶಾರ್ಕ್ಸ್ ಬೋರ್ಡ್ ವಿಮಾನದಿಂದ ಹಿಂಡಿನ ಮುನ್ನಡೆ ಗಮನಿಸುತ್ತ, ಈಜುಗಾರರ ರಕ್ಷಣೆಗೆಂದು ಕಟ್ಟಿದ ಶಾರ್ಕ್ ಬಲೆಗಳನ್ನು ಮೊದಲೇ ಎತ್ತಿಬಿಡುತ್ತದೆ. ಎತ್ತದಿದ್ದರೆ ಮೀನಿನ ಬೆನ್ನಟ್ಟಿ ಬಂದ ಡಾಲ್ಫಿನ್ ಮತ್ತು ಶಾರ್ಕ್‌ಗಳು ಅದರಲ್ಲಿ ಸಿಕ್ಕಿ ಸಾಯುತ್ತವೆ.

ಈ ಗದ್ದಲ ಪ್ರತಿವರ್ಷ ಪತ್ರಿಕೆಗಳಲ್ಲಿ ಸುದ್ದಿಯಾದದ್ದು ವಿಜ್ಞಾನಕ್ಕೂ ಉಪಕಾರ ಮಾಡಿತು. ವಿಟ್ಸ್ ವಿಶ್ವವಿದ್ಯಾಲಯದ ಜೆನಿಫರ್ ಫಿಚೆಟ್ ಮತ್ತು ಸಂಗಡಿಗರು ಹಳೆಯ ಪತ್ರಿಕೆಗಳ ವರದಿ ಕೆದಕಿ, 1946ರಿಂದ 2012ರವರೆಗೆ ಸಾರ್ಡೀನ್ ಡರ್ಬನ್ ತಲುಪಿದ ದಿನಾಂಕಗಳನ್ನು ಸಾಲಾಗಿ ಜೋಡಿಸಿದರು. ಹತ್ತು ವರ್ಷಕ್ಕೆ ಸರಾಸರಿ 1.3 ದಿನದಂತೆ ಮೀನು ತಡವಾಗುತ್ತಿದೆ. ಕಡಲು ಬಿಸಿಯಾಗಿ, ಸಾರ್ಡೀನ್ ದಾಟಲೊಲ್ಲದ 21 ಡಿಗ್ರಿಯ ಗೆರೆ ದಕ್ಷಿಣಕ್ಕೆ ಸರಿಯುತ್ತಿರುವುದೇ ಇದಕ್ಕೆ ಕಾರಣವೆಂದು ಅವರ ತರ್ಕ. ಪ್ರವಾಸದ ಟಿಕೆಟ್ಟುಗಳನ್ನು ತಿಂಗಳುಗಟ್ಟಲೆ ಮುಂಚೆ, ಕ್ಯಾಲೆಂಡರ್ ನೋಡಿಯೇ ಮಾರಬೇಕು. ಮೀನು ಮಾತ್ರ ನೀರಿನ ಶಾಖ ನೋಡಿ ಹೊರಡುವಂಥದು. ಹಾಗಾಗಿ ಪಳಗಿದ ಗೈಡ್‌ಗಳು ದೋಣಿಗೆ ಪೆಟ್ರೋಲ್ ಹಾಕುವ ಮೊದಲು ಉಪಗ್ರಹ ಕಳಿಸಿದ ಕಡಲ ತಾಪಮಾನದ ನಕ್ಷೆ ಬಿಚ್ಚಿ, ತಣ್ಣೀರಿನ ಪಟ್ಟಿ ಎಲ್ಲಿಯವರೆಗೆ ಚಾಚಿದೆ ಎಂದು ನೋಡಿಕೊಂಡು, ಆ ದಿನ ಉತ್ತರಕ್ಕೋ ದಕ್ಷಿಣಕ್ಕೋ ಎಂದು ತೀರ್ಮಾನಿಸುತ್ತಾರೆ.